ಕುರುಗೋಡಿನ ಗುಡ್ಡಕ್ಕೆ ಕರೆದೊಯ್ದ ಅಕ್ಕೋರು

ನಮಗೆ ಭೂಗೋಳ ಕಲಿಸುತ್ತಿದ್ದ ಅಕ್ಕೋರು ನಕ್ಷೆಯ ಮೇಲೆ ಬಗ್ಗಿದಾಗಲೆಲ್ಲ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಮೇಜಿಗೆ ಬಡಿದು ಟಕ್ ಎನ್ನುತ್ತಿತ್ತು. ಅದರೊಳಗೆ ಅವರ ಇಷ್ಟಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಅವರು ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಪೂಜೆಯನ್ನು ಅವಸರದಲ್ಲಿ ಮುಗಿಸುವುದೂ ಅವರಿಗೆ ಸೇರದು. ಮಿಕ್ಕ ಎಲ್ಲದರಲ್ಲೂ ಅವಸರವೇ. ಉತ್ತರ ತಿಳಿಯದೆ ಎದ್ದು ನಿಂತವಳಿಗೆ, "ನಿಂತ್ರ ಬರಂಗಿಲ್ಲ, ಕುಂತು ಓದು" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಒಂದು ದಸರಾ ರಜೆಯಲ್ಲಿ ಅವರು ಬಳ್ಳಾರಿಯಿಂದ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕುರುಗೋಡಿಗೆ ಕರೆದೊಯ್ದು, ಗುಡ್ಡದ ಬುಡದಲ್ಲಿ ಡೇರೆ ಹಾಕಿಸಿದರು. ಹುಡುಗಿಯರ ಶಿಬಿರ ನಮ್ಮ ಶಾಲೆಯಲ್ಲಿ ಅದೇ ಮೊದಲು. ನನ್ನ ಅಪ್ಪ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಶಿಬಿರಕ್ಕೆ ಮಾಲೀಕರು ಮಿಲ್ಲಿನ ವ್ಯಾನನ್ನೇ ಕೊಟ್ಟಿದ್ದರಿಂದ ಇಲ್ಲವೆನ್ನಲಾಗದೆ ಒಪ್ಪಿದ್ದರು. "ಏನರ ಹೆಚ್ಚುಕಮ್ಮಿ ಆತಂತ ಕಿವಿಗೆ ಬೀಳಲಿ, ನಿನ್ನ ಸಾಲಿ ಅಷ್ಟಕ್ಕ ಮುಗೀತು" ಎಂದು ಹೇಳಿಯೇ ಕಳಿಸಿದ್ದರು. ಅಪ್ಪ ಹೇಳಿದ್ದನ್ನು ಮಾಡುವವರು. ಅಕ್ಕನ ಶಾಲೆ ಏಳನೆಯದಕ್ಕೇ ನಿಂತಿತ್ತು.

ಎರಡನೆಯ ದಿನ ಗುಡ್ಡ. ತುದಿಯಲ್ಲಿ ಕುಳಿತು ಪೂಜೆ ಮಾಡುವ ಆಸೆ ಅಕ್ಕೋರಿಗೆ. ಬೆಳಗ್ಗೆಯೇ ಮಿಂದು, ಹಿತ್ತಾಳೆಯ ತಂಬಿಗೆಯಲ್ಲಿ ಪೂಜೆಯ ನೀರು ಹಿಡಿದು ಹತ್ತಿದರು. ನಮ್ಮ ನೀರು ಅರ್ಧ ದಾರಿಯಲ್ಲೇ ಮುಗಿಯಿತು. ಬಂಡೆಗಳು ಕಾದಿದ್ದವು. ತುದಿ ಕಾಣುವ ಹೊತ್ತಿಗೆ ನನಗೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ತಲೆ ಅಕ್ಕೋರ ತೊಡೆಯ ಮೇಲಿತ್ತು, ತಂಬಿಗೆ ನನ್ನ ತುಟಿಗೆ ತಾಗಿತ್ತು.

"ಪೂಜಿ ನೀರ್ರಿ, ಅಕ್ಕೋರ" ಎಂದೆ.

"ಲಿಂಗಕ್ಕ ನೀರಡಿಕಿ ಆಗಿಲ್ಲ, ನಿನಗ ಆಗೈತಿ. ಕುಡಿ ಸುಮ್ನ."

ತಂಬಿಗೆ ಖಾಲಿಯಾಯಿತು. ಕೆಳಗಿಳಿದಾಗ ಡ್ರೈವರ್ ಅವಸರಿಸಿದ. "ಅಕ್ಕೋರ, ಸಂಜಿಗೆ ಗಾಡಿ ಮಿಲ್ಲಿಗೆ ಹೋಗಬೇಕ್ರಿ. ಈಗ ಹೊಂಟ್ರ ಸಿರುಗುಪ್ಪದ ಹೊಳಿ, ಇಲ್ಲಾಂದ್ರ ಇಲ್ಲ." ಪೂಜೆಗೆ ಕೂತರೆ ಹೊಳೆ ತಪ್ಪುತ್ತಿತ್ತು. ನಮ್ಮಲ್ಲಿ ಹೆಚ್ಚಿನವರು ಹೊಳೆ ಕಂಡವರೇ ಅಲ್ಲ. ಅಕ್ಕೋರು ವ್ಯಾನ್ ಹತ್ತಿದರು.

ದಾರಿಯ ಎರಡೂ ಕಡೆ ಭತ್ತದ ಹಸಿರು, ಅಲ್ಲಲ್ಲಿ ತುಂಬಿ ಹರಿಯುವ ಕಾಲುವೆ. ದಿನಚರಿಗೆ ಬರೆಯಬೇಕೆಂದು ಬೆಳ್ಳಕ್ಕಿಗಳನ್ನು ಎಣಿಸತೊಡಗಿ ಲೆಕ್ಕ ತಪ್ಪಿಸಿಕೊಂಡೆ. ಬುತ್ತಿ ಬಿಚ್ಚಿದ ಒಬ್ಬಳು, "ನೀವು ಉಣ್ಣದ ನಾವ್ ಹೆಂಗ ಉಣ್ಣೂದ್ರಿ?" ಎಂದಳು.

"ದಿನಾ ಹೆಂಗ ಉಣ್ತೀರಿ? ಬಾಯಿಲೆ. ಹಂಗ ಉಣ್ರಿ."

ಎಲ್ಲರೂ ನಕ್ಕರು. ಅಕ್ಕೋರ ತುಟಿ ಒಣಗಿ ಬಿಳಿಚಿತ್ತು. ಆದರೂ ಯಾವುದು ಕಪ್ಪು ಎರೆಭೂಮಿ, ಯಾವುದು ಕೆಂಪು ಮಸಾರಿ ಎಂದು ಒಡೆದ ದನಿಯಲ್ಲೇ ತೋರಿಸುತ್ತಿದ್ದರು. ಹೊಳೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮತ್ತೆ ಮಿಂದು ಕಲ್ಲಿನ ಮೇಲೆ ಕುಳಿತರು. ಡ್ರೈವರ್ ಸೂರ್ಯನನ್ನು ನೋಡಿದ, ಆದರೆ ಹಾರ್ನ್ ಒತ್ತಲಿಲ್ಲ. ಪೂಜೆ ಎಂದಿನಷ್ಟೇ ನಿಧಾನವಾಗಿ ಮುಗಿಯಿತು. ಬೊಗಸೆ ನೀರು ಕುಡಿದು ತಿರುಗಿ, "ಹೇಳ್ರಿ, ಹೊಳಿ ಯಾವ ದಿಕ್ಕಿಗೆ ಹರಿಯಾಕತ್ತೈತಿ?" ಎಂದರು.

ಮರಳುವಾಗ ವ್ಯಾನಿನಲ್ಲೇ ನಾನು ಅಕ್ಕೋರನ್ನು ಬೇಡಿಕೊಂಡೆ. "ನಾ ಬಿದ್ದದ್ದು ಅಪ್ಪಗ ಹೇಳಬ್ಯಾಡ್ರಿ. ಸಾಲಿ ಬಿಡಸ್ತಾರ್ರಿ."

ಶಿಬಿರ ಮುಗಿದ ಮರುದಿನ ಅಕ್ಕೋರು ಪಾರ್ವತಿನಗರದ ನಮ್ಮ ಮನೆಗೆ ಬಂದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ನಿಮ್ಮ ಮಗಳು ಗುಡ್ಡದ ಮ್ಯಾಲೆ ತಲಿ ತಿರಿಗಿ ಬಿದ್ಲ್ರಿ. ನೀರು ಕಮ್ಮಿ ಒಯ್ದದ್ದು ನನ್ನ ತಪ್ಪು. ಮುಂದಿನ ಸಲ ಹೆಚ್ಚಿಗಿ ಒಯ್ತೀನಿ."

ಅಪ್ಪ "ಚಾ ತಗೊಳ್ರಿ" ಎಂದರು. ರಜೆ ಮುಗಿದಾಗ ನಾನು ಶಾಲೆಗೆ ಹೋದೆ. ಯಾರೂ ತಡೆಯಲಿಲ್ಲ. ಏಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಅಪ್ಪ ಅಂಗಳದಲ್ಲೇ ನಿಂತು ಹೇಳಿದರು:

"ನೀ ಬಿದ್ದದ್ದು ಡ್ರೈವರ ಆವತ್ತ ಸಂಜಿಗೇ ನನಗ ಹೇಳಿದ್ದ. ಅಕ್ಕೋರು ಮುಚ್ಚಿಡ್ತಾರೇನು ಅಂತ ಕಾಯಾಕತ್ತಿದ್ದೆ. ಮುಚ್ಚಿಟ್ಟಿದ್ರ ನಿನ್ನ ಸಾಲಿ ಬಿಡಸೋನಿದ್ದೆ."