ಅಲ್ಮಾಜ್ ಅಮ್ಮನ ಮೂರನೆಯ ಸುತ್ತು

ಆ ಹೆಂಗಸು ಹಾಗೆ ಹೇಳಲೇ ಇಲ್ಲ. ಅದು ನಾನು ಹುಟ್ಟಿಸಿದ ಸುಳ್ಳು. 'ಮೂರನೇ ಲೋಟ ಕುಡಿದೋನು ನನ್ನ ಮದುವೆ ಆಗ್ಬೇಕು' ಅಂತ ನಾನು ಮೂಗಿನಲ್ಲಿ ಎಳೆದು ಹೇಳುವ ಆ ವಿಡಿಯೋ ಮೂಡಿಗೆರೆಯಿಂದ ಕಳಸದವರೆಗೆ ಎಷ್ಟು ಮೊಬೈಲುಗಳಲ್ಲಿ ಓಡಾಡಿತೋ, ಅಷ್ಟೂ ಮೊಬೈಲುಗಳಿಗೆ ಈ ಮಾತೂ ಹೋಗಲಿ ಅಂತ ಬರೆಯುತ್ತಿದ್ದೇನೆ. ಹೋಗುವುದಿಲ್ಲ, ಗೊತ್ತು. ನಗು ಜೀಪು ಹತ್ತಿ ಹೋಗಿಬಿಡುತ್ತದೆ. ನಿಜ ಹಿಂದಿನಿಂದ ನಡೆದುಕೊಂಡು ಬರಬೇಕು.

ನನ್ನ ಹೆಸರು ಸುಧೀಂದ್ರ. ಹಾಗೆ ಯಾರೂ ಕರೆಯುವುದಿಲ್ಲ. ಮೊದಲು 'ಗೋಣಿಬೀಡು ಸುಧಿ' ಆಗಿದ್ದೆ, ಈಗ 'ಇಥಿಯೋಪಿಯಾ ಸುಧಿ'. ನಮ್ಮದು ಸಣ್ಣ ಕಾಫಿ ತೋಟ. ತೋಟಕ್ಕಿಂತ ನನ್ನ ಬಾಯಿ ದೊಡ್ಡದು. ಮದುವೆ ಮನೆ, ಬೆಳೆಗಾರರ ಸಭೆ, ಎಲ್ಲಿ ಕರೆದರೂ ಹೋಗಿ ಮಿಮಿಕ್ರಿ ಮಾಡುತ್ತೇನೆ. ಸಾಹುಕಾರರು ಮೇಸ್ತ್ರಿಗೆ ಬೈಯುವುದು, ಮೇಸ್ತ್ರಿ ಅದೇ ಬೈಗುಳವನ್ನು ಇನ್ನೊಂದಿಷ್ಟು ಉಪ್ಪು ಖಾರ ಹಾಕಿ ಆಳುಗಳಿಗೆ ದಾಟಿಸುವುದು, ಘಾಟಿ ಬಸ್ಸಿನ ಕಂಡಕ್ಟರ್ ವಾಂತಿ ಮಾಡುವವರನ್ನು ಗದರುವುದು, ಕೊನೆಗೆ ನಮ್ಮಪ್ಪ ನನ್ನನ್ನು ಉಗಿಯುವುದು. ನನ್ನನ್ನೇ ನಾನು ಆಡಿಕೊಳ್ಳುತ್ತೇನಲ್ಲ, ಹಾಗಾಗಿ ಊರನ್ನೆಲ್ಲ ಆಡಿಕೊಳ್ಳಲು ನನಗೆ ಪರವಾನಗಿ ಇದೆ — ಹೀಗಂತ ನಂಬಿಕೊಂಡಿದ್ದೆ. ಎಂಥ ಸೋಗಲಾಡಿ ನಂಬಿಕೆ ಅದು! ನನ್ನನ್ನು ನಾನು ಆಡಿಕೊಂಡಾಗ ಚಪ್ಪಾಳೆ ನನಗೆ ಬರುತ್ತದೆ. ಬೇರೆಯವರನ್ನು ಆಡಿಕೊಂಡಾಗಲೂ ನನಗೇ ಬರುತ್ತದೆ.

ಎರಡು ಕೊಯ್ಲಿನ ಹಿಂದಿನ ಮಾತು. ಮಳೆ ಬಿಟ್ಟಿತ್ತು, ಇಲ್ಲಿ ಹಣ್ಣಿನ್ನೂ ಕೆಂಪಾಗಿರಲಿಲ್ಲ. ನಮ್ಮ ಕಡೆಯ ಒಂದಿಷ್ಟು ಬೆಳೆಗಾರರು ಇಥಿಯೋಪಿಯಾಕ್ಕೆ ಹೊರಟರು. ಕಾಫಿ ಮೊದಲು ಹುಟ್ಟಿದ್ದು ಅಲ್ಲಿಯ ಕಾಡಿನಲ್ಲಂತೆ, ನೋಡಿಕೊಂಡು ಬರೋಣ ಅಂತ. ಹೋಗಬೇಕಿದ್ದವರು ನಮ್ಮ ದೊಡ್ಡಪ್ಪ. ಮಂಡಿ ನೋವು ಅಂತ ಹಿಂದೆ ಸರಿದು ನನ್ನ ಹೆಸರು ಕೊಟ್ಟರು. ದುಬೈ ಕನಸಿನಲ್ಲಿ ಮಾಡಿಸಿದ್ದ ಪಾಸ್‌ಪೋರ್ಟೊಂದು ನನ್ನ ಟ್ರಂಕಿನಲ್ಲಿ ಬೂಸ್ಟು ಹಿಡಿಯುತ್ತಿತ್ತು. ತಂಡದ ಮುಂದಾಳು ಕಳಸದ ಲಕ್ಷ್ಮಣೇಗೌಡ್ರು. ದೊಡ್ಡ ತೋಟ, ದೊಡ್ಡ ದನಿ, ದೊಡ್ಡ ಕೈಗಡಿಯಾರ. "ಸುಧಿ ಬರ್ಲಿ ಮಾರಾಯ, ದಾರೀಲಿ ಬೇಜಾರಾಗಲ್ಲ" ಅಂದರು.

ಅಲ್ಲಿ ನಮಗೆ ಗೈಡಾಗಿ ಸಿಕ್ಕವನು ದಾವಿತ್, ನನ್ನದೇ ವಯಸ್ಸು. ಅವನ ಇಂಗ್ಲಿಷು ಗೌಡ್ರಿಗೆ ತಿಳಿಯುತ್ತಿರಲಿಲ್ಲ, ಗೌಡ್ರ ಇಂಗ್ಲಿಷು ಅವನಿಗೆ ತಿಳಿಯುತ್ತಿರಲಿಲ್ಲ. ನನಗೆ ಎರಡೂ ತಿಳಿಯುತ್ತಿತ್ತು. ಓದಿ ಬಂದದ್ದಲ್ಲ — ಒಬ್ಬನ ದನಿ ಕದಿಯಲು ಕಿವಿ ಕೊಟ್ಟರೆ ಅರ್ಥ ತಾನಾಗಿ ಒಳಗೆ ಬರುತ್ತದೆ. ಹೀಗೆ ದಾವಿತ್ ಹೇಳುವುದು, ನಾನು ಅದನ್ನು ಕನ್ನಡಕ್ಕೆ ತಿರುಗಿಸುವುದು ರೂಢಿಯಾಯಿತು. ಅವನೂ ಕಿಲಾಡಿ. ನಾನು ಅವನ ಮಾತಿನ ಧಾಟಿ ಹಿಡಿದರೆ, ಅವನು ವ್ಯಾನಿನ ಮುಂದಿನ ಸೀಟಿನಲ್ಲಿ ಗೌಡ್ರು ಗೊರಕೆ ಹೊಡೆಯುವುದನ್ನು ಹಾಗೆ ಹಾಗೇ ಮಾಡಿ ತೋರಿಸುತ್ತಿದ್ದ. ನಾಲ್ಕು ದಿನದಲ್ಲಿ ನಾವು ಎಷ್ಟೋ ವರ್ಷದ ಗೆಳೆಯರಂತಾಗಿದ್ದೆವು.

ಕಾಡಿನ ಅಂಚಿನ ಒಂದು ಊರಿನಲ್ಲಿ ಅಲ್ಮಾಜ್ ಎಂಬಾಕೆಯ ಮನೆಗೆ ಕರೆದುಕೊಂಡು ಹೋದ. ಮಣ್ಣಿನ ಗೋಡೆ, ತಗಡಿನ ಮಾಡು, ಹಿತ್ತಿಲಲ್ಲಿ ಒಂದಿಷ್ಟು ಕಾಫಿ ಗಿಡ. ಆಕೆಗೆ ನಮ್ಮಮ್ಮನ ವಯಸ್ಸಿರಬಹುದು. ನಮಗಾಗಿ ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು. ನಮ್ಮ ಕಣ್ಣೆದುರೇ ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ತಟ್ಟೆಯನ್ನು ಒಬ್ಬೊಬ್ಬರ ಮುಂದೂ ತಂದು ಪರಿಮಳ ನೋಡಿ ಅಂತ ಕೈ ಬೀಸಿದರು. ಕುಟ್ಟಿ, ಉದ್ದ ಕೊರಳಿನ ಮಣ್ಣಿನ ಕುಡಿಕೆಯಲ್ಲಿ ಕುದಿಸಿ, ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿದರು. ಹಾಲಿಲ್ಲ. ಸಕ್ಕರೆಯಿಲ್ಲ. ಚಿಟಿಕೆ ಉಪ್ಪು! ಗೌಡ್ರು ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದ ಮುಖವನ್ನು ನಾನು ಇವತ್ತಿಗೂ ಮಾಡಿ ತೋರಿಸಬಲ್ಲೆ.

ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೆಯ ಸುತ್ತು ಬಂತು. ಆಗ ಆಕೆ ಕುಡಿಕೆಯ ಮೇಲೆ ಕಣ್ಣಿಟ್ಟು, ಯಾರನ್ನೂ ನೋಡದೆ, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ದಾವಿತ್ ಅಷ್ಟೇ ತಗ್ಗಿದ ದನಿಯಲ್ಲಿ ನನ್ನ ಕಿವಿಗೆ ಹೇಳಿದ. ಈಗ ನಾನು ಅದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ — ಆವತ್ತು ಮಾಡಬೇಕಾಗಿದ್ದ ಕೆಲಸ.

"ನನ್ನ ಗಂಡ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅತಿಥಿಗಳಿಗೆ ಅಂತ ಕಾಫಿ ಹುರಿದಿರಲಿಲ್ಲ. ದೂರದಿಂದ ಕಾಫಿ ಬೆಳೆಯುವವರು ಬರುತ್ತಾರೆ ಅಂದರು, ಒಲೆ ಹಚ್ಚಿದೆ. ಮೂರನೆಯ ಸುತ್ತು ಆಶೀರ್ವಾದದ್ದು. ಕುಡಿದು, ಈ ಮನೆಗೆ ಒಂದು ಒಳ್ಳೆಯ ಮಾತು ಹೇಳಿ ಹೋಗಿ."

ಇಷ್ಟೇ.

ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಗೌಡ್ರು ಗಡಿಯಾರ ನೋಡುತ್ತಿದ್ದರು. ಪಕ್ಕದವರು ಉಪ್ಪು ಕಾಫಿಯನ್ನು ಮೆಲ್ಲಗೆ ಹುಲ್ಲಿನ ಮೇಲೆ ಬಗ್ಗಿಸುತ್ತಿದ್ದರು. "ಎಂತಂತೆ ಮಾರಾಯ ಅವಳದ್ದು? ಇನ್ನೂ ಒಂದು ಲೋಟ ಕುಡೀಬೇಕಾ?" ಅಂತ ಗೌಡ್ರು ಕೇಳಿದರು. ಎಲ್ಲರೂ ನನ್ನ ಬಾಯಿ ನೋಡಿದರು. ಆ ನೋಟ ನನಗೆ ಗೊತ್ತು, ನಗಲು ತಯಾರಾದ ಮುಖಗಳು ಅವು. ಅಂಥ ಮುಖಗಳ ಮುಂದೆ ನಾನು ಯಾವತ್ತೂ ಮನುಷ್ಯನಾಗಿ ಉಳಿದವನಲ್ಲ.

"ಮೂರನೇ ಲೋಟ ಕುಡಿದೋರು ಅವಳನ್ನ ಮದುವೆ ಆಗ್ಬೇಕಂತೆ ಗೌಡ್ರೆ! ನಿಮ್ಮನ್ನೇ ನೋಡ್ತಾ ಇದಾಳೆ!"

ಸಿಡಿಲಿನಂತೆ ನಗು. ಗೌಡ್ರು "ಅಯ್ಯಯ್ಯೋ, ನಮ್ಮನೆಯೋಳು ಕತ್ತಿ ಹಿಡೀತಾಳೆ, ಏಳ್ರೋ ಏಳ್ರೋ!" ಅಂತ ಪಂಚೆ ಎತ್ತಿದವರಂತೆ ಪ್ಯಾಂಟು ಎತ್ತಿಕೊಂಡು ಎದ್ದೇಬಿಟ್ಟರು. ಉಳಿದವರೂ ನಗುತ್ತ ವ್ಯಾನಿಗೆ ಓಡಿದರು. ಒಲೆಯ ಮೇಲೆ ಮೂರನೆಯ ಸುತ್ತಿನ ನೀರು ಕುದಿಯುತ್ತಿತ್ತು.

ದಾವಿತ್ ಗಾಬರಿಯಾಗಿ "ಯಾಕೆ ಹೋಗ್ತಿದ್ದಾರೆ?" ಅಂದ. ಅವನಿಗೂ ಸುಳ್ಳು ಹೇಳಿದೆ: ಹಿರಿಯರಿಗೆ ಹೊಟ್ಟೆ ಸರಿಯಿಲ್ಲ. ಪಾಪ, ಅವನು ಅದನ್ನು ನಂಬಿ ಆಕೆಗೆ ಮುಟ್ಟಿಸಿದ. ವ್ಯಾನು ಹೊರಡುವಾಗ ಆಕೆ ಕುಡಿಕೆ ಎತ್ತಿಕೊಂಡು ಓಡಿ ಬಂದರು — ಹೊಟ್ಟೆ ಸರಿಯಿಲ್ಲದವರು ಕೂತಲ್ಲೇ ಒಂದು ಗುಟುಕು ಕುಡಿಯಲಿ ಅಂತ. ನಾನು ಕಿಟಕಿಯಿಂದ ಫೋಟೋ ಹೊಡೆದೆ. ಒಳ್ಳೆಯ ಫೋಟೋ. ಈ ಜನ್ಮದಲ್ಲಿ ನಾನು ಹೊಡೆದ ಅತ್ಯುತ್ತಮ ಫೋಟೋ ಅದೇ. ಥೂ.

ಊರಿಗೆ ಬಂದ ಮೇಲೆ ಮೂಡಿಗೆರೆಯ ಒಂದು ಸಭಾಭವನದಲ್ಲಿ ಪ್ರವಾಸದ ಫೋಟೋ ತೋರಿಸುವ ಕಾರ್ಯಕ್ರಮ ಇಟ್ಟರು. ಕೇಸರಿಬಾತು, ಖಾರಾಬಾತು, ಪರದೆ, ಮೈಕು. ಏರ್‌ಪೋರ್ಟಿನಲ್ಲಿ ಗೌಡ್ರು, ಮರದ ಕೆಳಗೆ ಗೌಡ್ರು, ಕಾಫಿ ಕಣದಲ್ಲಿ ಗೌಡ್ರು. ಗೌಡ್ರ ಭುಜದ ಹಿಂದೆ ಎಲ್ಲೋ ಚೂರು ಇಥಿಯೋಪಿಯಾ. ಒಬ್ಬೊಬ್ಬರಾಗಿ ಮೈಕು ಹಿಡಿದು ಅನಿಸಿಕೆ ಹೇಳಿದರು. "ಬಡವ್ರು ಪಾಪ, ಆದ್ರೂ ನಗ್ತಾ ಇರ್ತಾರೆ." ಯಾರು ನಕ್ಕದ್ದು ಸ್ವಾಮಿ? ನಕ್ಕವರು ನಾವು! "ನಮ್ಮ ಕಾಫಿ ಮುಂದೆ ಅವರದ್ದೇನೂ ಅಲ್ಲ." ಪೂರ್ತಿ ಕುಡಿದವರು ಯಾರಿದ್ದಿರಿ? ಒಂದು ದೇಶಕ್ಕೆ ಹೋಗಿ, ಒಂದು ಮನೆಯ ನೆಲದ ಮೇಲೆ ಕೂತು, ಬರುವಾಗ, ಹೋಗುವ ಮುಂಚೆ ಇದ್ದ ಮಾತುಗಳನ್ನೇ ಹಿಂದಕ್ಕೆ ತಂದೆವು. ಸೂಟ್‌ಕೇಸಿನಂತೆ.

ಇಷ್ಟು ಸಿಟ್ಟು ಈಗ ಬರುತ್ತಿದೆ. ಆವತ್ತು ನನ್ನ ಸರದಿಗಾಗಿ ಕಾಲು ಕುಣಿಸುತ್ತ ಕೂತಿದ್ದೆ.

ಆಕೆಯ ಫೋಟೋ ಪರದೆಯ ಮೇಲೆ ಬಂತು. ತಲೆಗೆ ಟವೆಲು ಹೊದ್ದು, ನೀರಿನ ಜಗ್ಗು ಹಿಡಿದು, ಆಕೆಯ ದನಿಯಲ್ಲಿ, ಆಕೆ ಆಡದ ಮಾತುಗಳನ್ನು ಆಡುತ್ತ ಗೌಡ್ರ ಹಿಂದೆ ಸಭಾಭವನದ ತುಂಬ ಓಡಿದೆ. ಜನ ಬಿದ್ದು ಬಿದ್ದು ನಕ್ಕರು. ನಗುವವರಲ್ಲಿ ಹೆಂಗಸರಿದ್ದರು, ವಿಧವೆಯರೂ ಇದ್ದರು — ಅವರಿಗೆ ನಾನು ಏನು ಮುಚ್ಚಿಟ್ಟಿದ್ದೇನೆಂದು ಗೊತ್ತಿರಲಿಲ್ಲ. ಯಾರೋ ವಿಡಿಯೋ ಮಾಡಿದರು. ಬೆಳಗಾಗುವಷ್ಟರಲ್ಲಿ ನಾನು ಇಥಿಯೋಪಿಯಾ ಸುಧಿ.

ಅಮ್ಮ ಆ ಕಾರ್ಯಕ್ರಮಕ್ಕೆ ಬಂದಿರಲಿಲ್ಲ. ಮನೆಯಲ್ಲಿ ನನ್ನ ಮೊಬೈಲು ಹಿಡಿದು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ನಮ್ಮಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರು ಕಾಫಿ ಕುಡಿಯದೆ ಎದ್ದರೆ "ನಮ್ಮನೇಲಿ ಎಂತ ವಿಷ ಹಾಕ್ತೀವಾ?" ಅಂತ ಕೇಳುತ್ತಾರೆ. ಅಮ್ಮ ಕೇಳುವುದಿಲ್ಲ, ಬೆನ್ನಟ್ಟುತ್ತಾರೆ. ಒಮ್ಮೆ ಗೊಬ್ಬರ ಇಳಿಸಿ ಹೊರಟಿದ್ದ ಜೀಪಿನ ಹಿಂದೆ ಲೋಟ ಹಿಡಿದು ಗೇಟಿನವರೆಗೂ ಓಡಿ, ಡ್ರೈವರಿಗೆ ಕಿಟಕಿಯಲ್ಲೇ ಕುಡಿಸಿ ಕಳಿಸಿದವರು. ಅದು ನನ್ನ ಹಳೆಯ ಐಟಮ್ಮು. ಅಮ್ಮನನ್ನೂ ಬಿಟ್ಟವನಲ್ಲ ನಾನು.

"ಗಂಡು ಹುಡುಕ್ಕೊಂಡು ಓಡಿ ಬರೋ ಹೆಂಗಸಾ ಇವ್ಳು?" ಅಂದರು. "ಕಾಫಿ ಚೆಲ್ಲುತ್ತೆ ಅಂತ ಕುಡಿಕೆ ಬಾಯಿಗೆ ಅಂಗೈ ಅಡ್ಡ ಹಿಡಿದಾಳೆ ನೋಡು. ಕೈ ಸುಡ್ತಾ ಇದೆ ಅವಳಿಗೆ. ನಿಜ ಹೇಳು, ಎಂತ ಹೇಳಿದ್ಲು ಅವ್ಳು?"

ನಾನು ಹೊಡೆದ ಫೋಟೋ. ಆ ಅಂಗೈಯನ್ನು ನಾನೇ ನೋಡಿರಲಿಲ್ಲ. ಸಭಾಭವನದಲ್ಲಿದ್ದ ಅಷ್ಟೂ ಜನ — ಕಾಫಿ ನೆಟ್ಟವರು, ಕೊಯ್ದವರು, ಒಣಗಿಸಿದವರು, ಬಂದವರಿಗೆಲ್ಲ ಕೊಟ್ಟವರು — ಯಾರೂ ನೋಡಲಿಲ್ಲ. ಒಬ್ಬ ಹೆಂಗಸು ಕಾಫಿ ಹಿಡಿದು ಅತಿಥಿಯ ಹಿಂದೆ ಓಡುವುದನ್ನು ನೋಡಿ ಅರ್ಥ ಮಾಡಿಕೊಳ್ಳದಷ್ಟು ಕುರುಡು ಕಾಫಿ ಸೀಮೆಯವರಿಗೆ ಬರುವುದು ಹೇಗೆ? ಹೇಗೆಂದರೆ, ನಾನು ಬರಿಸಿದೆ. "ಸುಮ್ನಿರಮ್ಮ, ತಮಾಷೆ ಅದು" ಅಂತ ಮೊಬೈಲು ಕಿತ್ತುಕೊಂಡೆ.

ಇನ್ನೂ ಹೇಳಲು ನಾಚಿಕೆಯಾಗುವುದು ಮುಂದಿದೆ. ಅಮ್ಮ ಹಾಗೆ ಕೇಳಿದ ಮೇಲೂ, ಮುಂದಿನ ಮಳೆಗಾಲ ಕಳೆದು ಗೌಡ್ರ ಮಗಳ ನಿಶ್ಚಿತಾರ್ಥವಾದಾಗ, ಅದೇ ಐಟಮ್ಮನ್ನು ಮತ್ತೆ ಮಾಡಿದೆ. ಈ ಸಲ ಕುಡಿಕೆ ಬಾಯಿಗೆ ಅಂಗೈ ಅಡ್ಡ ಹಿಡಿದು ಮಾಡಿದೆ. ಅಮ್ಮ ತೋರಿಸಿಕೊಟ್ಟದ್ದನ್ನು ಅಭಿನಯಕ್ಕೆ ಸೇರಿಸಿಕೊಂಡೆ — ನಗು ಇನ್ನೂ ಜೋರಾಗಿ ಬಂತು. ಕಳಸದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಅಂಗೈ ನೋಡಿಕೊಂಡೆ. ಸುಟ್ಟಿರಲಿಲ್ಲ.

ಮಾರನೆಯ ವಾರ ಗೌಡ್ರ ಮನೆಗೆ ಹೋಗಿ ಎಲ್ಲವನ್ನೂ ಒದರಿಬಿಟ್ಟೆ. ಆಕೆ ಹೇಳಿದ್ದೇನು, ನಾನು ಹೇಳಿದ್ದೇನು. ಗೌಡ್ರು ಕೈಗಡಿಯಾರ ಸರಿಮಾಡಿಕೊಂಡರು. ಆಮೇಲೆ ಅಂದರು:

"ಬಿಡೋ ಮಾರಾಯ. ಅವಳಿಗೆ ಕನ್ನಡ ಬರುತ್ತಾ? ಇಲ್ವಲ್ಲ. ಮತ್ತೆ ಯಾರಿಗೆ ನೋವಾಯ್ತು? ನಮ್ಮನೇಲಿ ಕಾಫಿ ಕುಡ್ಕೊಂಡು ಹೋಗು."

ನನ್ನ ಮೈಯೆಲ್ಲ ಉರಿಯಿತು. ಕನ್ನಡ ಬರದವರಿಗೆ ಕನ್ನಡದಲ್ಲಿ ಏನು ಮಾಡಿದರೂ ನಡೆಯುತ್ತದೆಯೇ? ಕೂಗಬೇಕೆನಿಸಿತು. ಆದರೆ ಇದೇ ಲೆಕ್ಕಾಚಾರದ ಮೇಲೆ ಅಲ್ಲವೇ ನಾನೂ ಆವತ್ತು ಬಾಯಿ ಬಿಟ್ಟದ್ದು? ಗೌಡ್ರು ನನ್ನ ಮನಸ್ಸಿನಲ್ಲಿದ್ದುದನ್ನೇ ನನಗೆ ಮಿಮಿಕ್ರಿ ಮಾಡಿ ತೋರಿಸಿದಂತಾಯಿತು. ಕೂತು ಅವರ ಮನೆಯ ಕಾಫಿ ಕುಡಿದೆ. ಪೂರ್ತಿ ಕುಡಿದೆ. ಸಿಟ್ಟು ಇಳಿಯಲಿಲ್ಲ.

ಇದೆಲ್ಲಕ್ಕಿಂತ ಮೊದಲೇ ಒಂದು ಮೂರ್ಖತನ ಮಾಡಿದ್ದೆ. ಆ ಕಾರ್ಯಕ್ರಮದ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೆ; ದಾವಿತ್ ನನ್ನ ಮೊಬೈಲಿನಲ್ಲಿ ಇದ್ದಾನೆಂಬುದೇ ಮರೆತಿತ್ತು. ಅವನು ನೋಡಿದ್ದ. ಕನ್ನಡ ತಿಳಿಯದೆ ಖುಷಿಪಟ್ಟಿದ್ದ. 'ಅಲ್ಮಾಜ್ ಅವರ ಫೋಟೋ ಅಷ್ಟು ದೊಡ್ಡ ಪರದೆಯ ಮೇಲೆ! ಜನ ಎಷ್ಟು ಸಂತೋಷದಲ್ಲಿದ್ದಾರೆ! ಆಕೆಗೆ ಹೇಳುತ್ತೇನೆ. ಆಕೆಯ ಬಗ್ಗೆ ಅವರಿಗೆ ಏನು ಹೇಳಿದೆ?' ಅಂತ ಬರೆದಿದ್ದ. ಆ ಪ್ರಶ್ನೆಗೆ ಒಂದು ಇಡೀ ಮಳೆಗಾಲ ಉತ್ತರ ಕೊಟ್ಟಿರಲಿಲ್ಲ.

ಗೌಡ್ರ ಮನೆಯಿಂದ ಬಂದ ದಿನ ಕೊಟ್ಟೆ. ಎರಡೂ ಸುಳ್ಳುಗಳನ್ನು ಬರೆದೆ — ನಮ್ಮವರಿಗೆ ಹೇಳಿದ್ದು, ಅವನಿಗೆ ಹೇಳಿದ್ದು. ಮದುವೆಯ ಮಾತನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅದರಲ್ಲಿ ನಗುವಂಥದ್ದೇನೂ ಉಳಿದಿರಲಿಲ್ಲ. ಆಮೇಲೆ ಕ್ಷಮೆ ಕೇಳಿ, ನನ್ನದೇ ದನಿಯಲ್ಲಿ — ನನ್ನದೇ ದನಿ ಯಾವುದೆಂದು ಹುಡುಕಲು ಎಷ್ಟು ಸಲ ಅಳಿಸಿದೆನೋ — ಒಂದು ವಾಯ್ಸ್ ಮೆಸೇಜು ಕಳಿಸಿದೆ. ಇದನ್ನು ಆಕೆಗೆ ಕೇಳಿಸು, ನಿಮ್ಮ ಭಾಷೆಯಲ್ಲಿ ತಿಳಿಸಿ ಹೇಳು, ಮತ್ತೆ ಬಂದು ಮೂರನೆಯ ಸುತ್ತು ಕುಡಿದು ಹೋಗುತ್ತೇನೆ ಅಂತ ಕೇಳಿಕೊಂಡೆ.

ಅವನು ಕೇಳಿದ ಗುರುತು ಬಿತ್ತು. ಆಮೇಲೆ ಅವನ ದನಿ ಬಂತು, ವ್ಯಾನಿನಲ್ಲಿ ನಾನು ದಿನವಿಡೀ ಅನುಕರಿಸುತ್ತಿದ್ದ ಅದೇ ದನಿ. ಬೈಗುಳವಿರಲಿಲ್ಲ.

"ಆಕೆಯ ಮಾತನ್ನು ನೀನು ನಿನ್ನವರಿಗೆ ಮುಟ್ಟಿಸಲಿಲ್ಲ. ನಿನ್ನ ಮಾತನ್ನು ನಾನು ಆಕೆಗೆ ಮುಟ್ಟಿಸುವುದಿಲ್ಲ."