ತಣ್ಣನೆಯ ಕೈಯಲ್ಲಿ ನಾಲ್ಕು ತಾಲ್ಲೂಕು

ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಏಳಕ್ಕೇ ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದೆ. ಹುಟ್ಟುವ ಹೊತ್ತಿಗೆ ಹೊಟ್ಟೆಯಿಂದ ಕೆಳಗಿಳಿಯಬೇಕಾದ ವೃಷಣ ಕೆಲವು ಗಂಡುಕೂಸುಗಳಲ್ಲಿ ಇಳಿದಿರುವುದಿಲ್ಲ. ಅಂಥ ಕೂಸುಗಳು ಎಷ್ಟಿವೆ ಎಂದು ನಾಲ್ಕು ತಾಲ್ಲೂಕುಗಳಲ್ಲಿ ಮನೆಮನೆ ನೋಡಿ ಬರುವುದು ನರ್ಸಾದ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನವೇ ಒಂದು ಸಿಕ್ಕಿತು. ಒಂಬತ್ತು ತಿಂಗಳ ಮಗು, ಎಡಗಡೆ ಖಾಲಿ. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಮಾಡಿಸಬೇಕಾಗಬಹುದು ಎಂದು ತಾಯಿ ಸವಿತಾಗೆ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ನನಗೆ ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಂದೆ.

ಪಾಂಡವಪುರ ಅಲ್ಲಿಂದ ಅರ್ಧ ಗಂಟೆಯ ದಾರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಮಾರನೆಯ ದಿನ ಅಲ್ಲೂ ಒಂದು ಸಿಕ್ಕಿತು. ಪಟ್ಟಿ ಬೆಳೆಯುತ್ತಿದೆ ಎಂದು ಒಳಗೊಳಗೇ ಖುಷಿಯಾಯಿತು. ಈಗ ಹೇಳಿಕೊಳ್ಳಲು ನಾಚಿಕೆ.

ಮೂರನೆಯ ದಿನ ಕೆ.ಆರ್.ಪೇಟೆಯಿಂದ ಮಾಕವಳ್ಳಿಗೆ ಹೊರಟ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ಅಲ್ಲಿ ಪುಟ್ಟಮ್ಮಜ್ಜಿ ಕೂಸುಗಳಿಗೆ ನೀರೆರೆಯುವುದರಲ್ಲಿ ಊರಿಗೇ ಹೆಸರಾದವರು. ಅವರ ಮೊಮ್ಮಗನನ್ನು ಮುಟ್ಟಿ ನೋಡಿ, "ಒಂದು ಇಳಿದಿಲ್ಲ ಅಜ್ಜಿ" ಎಂದೆ.

"ಯಾಕಿಲ್ಲವ್ವ? ದಿನಾ ಎಣ್ಣೆ ಅಚ್ಚಿ ನೀರೆರೆಯೋಳು ನಾನು. ಎರಡೂ ಅವೆ. ನಿನ್ ಕೈ ಕೊರೀತದೆ, ಅದ್ಕೇ ಮೇಲಕ್ಕೋಗಿ ಕುಂತದೆ ಕಣವ್ವ."

ನೀರೊಲೆಯ ಮುಂದೆ ನನ್ನನ್ನು ಕೂರಿಸಿ ಕೈ ಕಾಯಿಸಿದರು. ಮತ್ತೆ ನೋಡಿದರೆ ಎರಡೂ ಇದ್ದವು. ಕೈ ಬೆಚ್ಚಗಿರಬೇಕು ಎಂಬುದು ತರಬೇತಿಯಲ್ಲಿ ಮೊದಲು ಹೇಳಿಕೊಟ್ಟ ಪಾಠ. ಅವಸರಕ್ಕೆ ಬಿದ್ದು ಮರೆತಿದ್ದೆ.

ನಾಗಮಂಗಲದಲ್ಲಿ ಪ್ರತಿ ಮನೆಯಲ್ಲೂ ಮೊದಲು ಬಿಸಿನೀರು ಕೇಳಿದೆ. ಅಲ್ಲಿ ಒಂದೂ ಸಿಗಲಿಲ್ಲ. ಹೋಟೆಲಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಮುಂದಿಟ್ಟುಕೊಂಡಾಗ ಹೊಳೆಯಿತು, ಮೊದಲೆರಡು ಕೂಸುಗಳನ್ನೂ ತಣ್ಣನೆಯ ಕೈಯಲ್ಲೇ ನೋಡಿದ್ದೆ. ಸವಿತಾ ಗೋಡೆಗೆ ತಿರುಗಿ ನಿಂತದ್ದೇ ಕಣ್ಣ ಮುಂದೆ. ಅರ್ಧಕ್ಕೇ ಎದ್ದು ಸಿಕ್ಕ ಬಸ್ಸು ಹತ್ತಿದೆ.

ಕೈ ಬೆಚ್ಚಗೆ ಮಾಡಿಕೊಂಡು ನೋಡಿದರೆ ಪಾಂಡವಪುರದ ಕೂಸಿಗೆ ಎರಡೂ ಇದ್ದವು. ಆ ಹೆಸರು ಹೊಡೆದುಹಾಕಿದೆ. ಇನ್ನು ಉಳಿದದ್ದು ಒಂದೇ ಹೆಸರು. ಅದನ್ನೂ ಹೊಡೆದುಹಾಕುವ ಆಸೆಯಿಂದ ಶ್ರೀರಂಗಪಟ್ಟಣಕ್ಕೆ ಬಂದವಳು ತಡೆಯಲಾರದೆ ಬಾಗಿಲಲ್ಲೇ ಹೇಳಿಬಿಟ್ಟೆ: "ಅವತ್ತು ನನ್ನ ಕೈ ತಣ್ಣಗಿತ್ತು ಸವಿತಾ. ತಪ್ಪಾಗಿರಬಹುದು."

ಅವಳ ಮುಖ ಅರಳಿತು. ಓಡಿಹೋಗಿ ಬಿಸಿನೀರು ತಂದಳು. ಕೈ ಅದ್ದಿ, ಒರೆಸಿಕೊಂಡು, ಮಗುವನ್ನು ಮಲಗಿಸಿ ನೋಡಿದೆ. ಅವಳ ತೊಡೆಯ ಮೇಲೆ ಕೂರಿಸಿಯೂ ನೋಡಿದೆ. ಎಡಗಡೆ ಖಾಲಿಯೇ.

"ಇನ್ನೊಂಚೂರು ಕಾಯಿಸ್ಕಳಿ ಸಿಸ್ಟರ್, ಇನ್ನೂ ತಣ್ಣಗವೆ" ಎಂದು ಸವಿತಾ ಮತ್ತೊಂದು ಚೊಂಬು ಬಿಸಿನೀರು ತಂದಿಟ್ಟಳು.

ನನ್ನ ಅಂಗೈ ಆಗಲೇ ಕೆಂಪಗಾಗಿತ್ತು. ಮತ್ತೆ ಅದ್ದಿದೆ.