ಎದುರುಗಾಳಿಯ ಪಾಳಿ

ನಿಜಾಮನ ಕಾಲದಲ್ಲಿ ನಮ್ಮ ಹಳ್ಳಿಯಿಂದ ಭಾಲ್ಕಿಯ ಕಚೇರಿಗೆ ನಾನೂ ನನ್ನ ಗೆಳೆಯನೂ ದಿನಾ ಸೈಕಲ್ ತುಳಿಯುತ್ತಿದ್ದೆವು. ನಾನು ಲಿಂಗ ಕಟ್ಟಿದವ, ಅವನು ನಮಾಜು ಮಾಡುವವ; ಆ ಹಾಳು ಎದುರುಗಾಳಿಗೆ ಇಬ್ಬರೂ ಒಂದೇ. ಅದಕ್ಕೇ ಪಾಳಿ ಹಚ್ಚಿಕೊಂಡಿದ್ದೆವು. ಅರ್ಧ ದಾರಿ ನಾನು ಮುಂದೆ ಹೋಗಿ ಗಾಳಿ ತಡೆಯಬೇಕು, ಬೇವಿನ ಮರದಿಂದಾಚೆ ಅವನು. ಮರ ಬಂದದ್ದೇ, "ಬಾಜೂಕ ಸರೀರಿ, ಇನ್ನ ಗಾಳಿ ನಂದು" ಎನ್ನುತ್ತ ಮುಂದಾಗುತ್ತಿದ್ದ.

ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಅವನನ್ನು ಮನೆಯಿಂದ ಎಳೆದೊಯ್ದರು. ಎಳೆದವರು ಯಾರೆಂದು ಕೇಳಿದರೆ ಊರವರೆಲ್ಲ ನೆಲ ನೋಡಿದರು.

ಕೆಲವು ದಿನಗಳಾದ ಮೇಲೆ ಕಚೇರಿ ಮತ್ತೆ ತೆರೆಯಿತು. ಸರ್ಕಾರ ಹೊಸದು, ಗಾಳಿ ಅದೇ. ಬೇವಿನ ಮರ ಬಂದಾಗ ಹಾಳಾದ ಕೈ ತಾನಾಗಿಯೇ ಹ್ಯಾಂಡಲ್ ತಿರುಗಿಸಿತು. ಬದಿಗೆ ಸರಿದು ದಾರಿ ಬಿಟ್ಟೆ.

ಹಿಂದಿನಿಂದ ಯಾರೂ ಬರಲಿಲ್ಲ.